ಗುಜರಿ ಅಂಗಡಿ ಹಿತ್ತಾಳೆ ಕೊಂಡು ಮಾರಿದ್ರೆ ಲಾಭ ಇದೆಯಾ?

ಪ್ರಶ್ನೆ: ಮೇಡಂ ನಮಸ್ತೆ, ನಮ್ದು ಹಾಸನ. ಸಂತೆಪೇಟೆ ಕಡೆ ಗುಜರಿ ಅಂಗಡೀಲಿ ಹಳೇ ಹಿತ್ತಾಳೆ ಚೊಂಬು, ಅಡಕತ್ತರಿ, ಲಾಟೀನು ಎಲ್ಲ ನೋಡ್ತಿರ್ತೀನಿ, ಇವನ್ನ ಕೊಂಡು ಆನ್‌ಲೈನಲ್ಲಿ ಮಾರಿದ್ರೆ ನಾಲ್ಕು ಕಾಸು ಉಳಿಯುತ್ತಾ? ಕೈಲಿ 10,000 ರೂಪಾಯಿ ಇದೆ. ಹಳೇಬೀಡು ಕಡೆಯವರೊಬ್ಬರು ಹೊಲ ಉಳುವಾಗ ಸಿಕ್ಕಿದ ಸಣ್ಣ ಕಲ್ಲಿನ ವಿಗ್ರಹನೂ ಕೊಡ್ತೀನಿ ಅಂತಿದಾರೆ, ತಗೊಳ್ಳಲಾ?

ಉತ್ತರ: ವಿಗ್ರಹ ಬೇಡವೇ ಬೇಡ, ಅಡ್ವಾನ್ಸ್ ಕೂಡ ಕೊಡಬೇಡಿ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ ಪುರಾತತ್ವ ಇಲಾಖೆ ಲೈಸೆನ್ಸ್ ಬೇಕು, ಕಲ್ಲಿನ ಶಿಲ್ಪ ಆದ್ರೆ ನೋಂದಣಿನೂ ಆಗಿರಬೇಕು, ನೆಲದಲ್ಲಿ ಸಿಕ್ಕಿದ್ದಂತೂ ಡಿಸಿ ಆಫೀಸಿಗೆ ತಿಳಿಸಬೇಕಾದ್ದು. ಬೇಲೂರು ಹಳೇಬೀಡು ದೇವಸ್ಥಾನಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದಾಗ ನಾವೆಲ್ಲ ಎಷ್ಟು ಖುಷಿಪಟ್ವಿ, ಅಲ್ಲಿನ ಕಲ್ಲು ಅಲ್ಲೇ ಇರಲಿ, ಕೈಮುಗಿದು ಕೇಳ್ತೀನಿ. ಅವರಿಗೂ ತಹಶೀಲ್ದಾರ್ ಹತ್ರ ಹೋಗೋಕೆ ಹೇಳಿ.

ಅಡುಗೆಮನೆ ಸಾಮಾನಿನ ಯೋಚನೆ ಮಾತ್ರ ಒಳ್ಳೇದು. ಒಂದೇ ಲೆಕ್ಕ ಇಟ್ಕೊಳಿ, ಇದೇ ಚೊಂಬನ್ನ ನಾಳೆ ವಾಪಸ್ ತಂದ್ರೆ ಕೇಜಿಗೆ ಎಷ್ಟು ಕೊಡ್ತೀರಿ ಅಂತ ಅಂಗಡಿಯವರನ್ನೇ ಕೇಳಿ, ಆ ರೇಟಿಗಿಂತ ಸ್ವಲ್ಪವೇ ಜಾಸ್ತಿಗೆ ಕೊಂಡ್ರೆ ಮಾರಾಟ ಆಗದಿದ್ರೂ ದುಡ್ಡು ಪೂರ್ತಿ ಮುಳುಗಲ್ಲ. ನಾನು ಶುರುವಲ್ಲಿ ಸಕಲೇಶಪುರ ಕಡೆ ಒಂದು ಎಸ್ಟೇಟ್ ಬಂಗಲೆಯಿಂದ ಗೋಡೆ ಗಡಿಯಾರ 3,500ಕ್ಕೆ ತಂದೆ, ರಿಪೇರಿಗೆ 1,800 ಹೋಯ್ತು, ವರ್ಷ ಕಾದು ಮಾರಿದ್ದು 5,000ಕ್ಕೆ, ಅಲ್ಲಿಗೆ 300 ಕೈಬಿಟ್ಟಿತು. ಅದಕ್ಕೇ ರಿಪೇರಿ ಬೇಕಾಗಿರೋದನ್ನ ಮೊದಲ ವರ್ಷ ಮುಟ್ಟಬೇಡಿ.

ಜೇಬಲ್ಲಿ ಒಂದು ಅಯಸ್ಕಾಂತ ಇರಲಿ, ಹಿತ್ತಾಳೆ ಅಂದಿದ್ದು ಅಂಟಿಕೊಂಡ್ರೆ ಒಳಗೆ ಕಬ್ಬಿಣ. ಸವೆತ ಎಲ್ಲಿದೆ ನೋಡಿ, ನಿಜವಾಗಿ ಬಳಸಿದ ಅಡಕತ್ತರಿ ಹಿಡಿ, ಕೊಡದ ತಳ, ಕಂಠ ಇಲ್ಲೆಲ್ಲ ಕೈ ತಾಗಿ ನುಣುಪಾಗಿರುತ್ತೆ, ಹೊಸದಕ್ಕೆ ಆಸಿಡ್ ಹಾಕಿ ಹಳೇದು ಮಾಡಿದ್ದು ಮೂಲೆ ಮೂಲೆಗೂ ಒಂದೇ ಥರ ಕಪ್ಪಗಿರುತ್ತೆ. ಸರ್ಕಾರಿ ಮುದ್ರೆ ಇರೋ ಪಾವು, ಸೇರು ಸಿಕ್ರೆ ಬಿಡಬೇಡಿ, 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆ ಬಂದು ಅವೆಲ್ಲ ಮೂಲೆ ಸೇರಿದ್ವು. ರಾಮ ಸೀತೆ ಇರೋ 1818ರ ಕಂಪನಿ ನಾಣ್ಯ ಅಂತ ಬಂದ್ರೆ ಬೇಡ ಅನ್ನಿ, ಕಂಪನಿ ಅಂಥ ನಾಣ್ಯ ಹೊರಡಿಸೇ ಇಲ್ಲ. ಮತ್ತೆ ಹುಣಸೆಹಣ್ಣು ಹಾಕಿ ಫಳಫಳ ಉಜ್ಜಬೇಡಿ, ಕೊಳ್ಳೋರಿಗೆ ಆ ಹಳೇ ಬಣ್ಣವೇ ಬೇಕಾಗಿರೋದು, ಒಣಬಟ್ಟೇಲಿ ಒರೆಸಿದ್ರೆ ಸಾಕು.

ಮೊದಲ ಸಲ 3,000ದ ಒಳಗೆ ನಾಲ್ಕೈದು ಸಣ್ಣ ಸಾಮಾನು ತಗೊಳಿ. ಫೋಟೋ ಜೊತೆ ತೂಕ, ಎತ್ತರ, ಎಲ್ಲಿ ಸೊಟ್ಟ ಆಗಿದೆ ಎಲ್ಲಾ ಬರೀರಿ, ವಯಸ್ಸು ಗೊತ್ತಿಲ್ದಿದ್ರೆ ನೂರು ವರ್ಷದ್ದು ಅಂತ ಹಾಕಬೇಡಿ. ಕೊರಿಯರ್ ಖರ್ಚು ಮೊದಲೇ ಕೇಳಿಟ್ಕೊಳಿ, ಹಿತ್ತಾಳೆ ಭಾರ, ಲಾಭ ಅಲ್ಲೇ ಸೋರಿಹೋಗುತ್ತೆ. ಲಾಟೀನಿನ ಗಾಜು ಮಾತ್ರ ಬಿಚ್ಚಿ ಬೇರೆ ಸುತ್ತಿ ಕಳಿಸಿ.