ಅಪ್ಪನ ಸ್ಲೈಡುಗಳಿಗೆ ಬೂಷ್ಟು ಹಿಡಿದಿದೆ, ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮ ತಂದೆ 1970–80ರ ದಶಕಗಳಲ್ಲಿ ತೆಗೆದ ಸುಮಾರು 300 ಬಣ್ಣದ ಸ್ಲೈಡುಗಳು ಅಟ್ಟದ ಟ್ರಂಕಿನಲ್ಲಿ ಸಿಕ್ಕಿವೆ. ಕೆಲವಕ್ಕೆ ಜೇಡರ ಬಲೆಯಂತೆ ಬೂಷ್ಟು ಹಿಡಿದಿದೆ, ಇನ್ನು ಕೆಲವು ಗುಲಾಬಿಗೆ ತಿರುಗಿವೆ. ಹಳೆಯ ಪ್ರೊಜೆಕ್ಟರ್ ಇನ್ನೂ ಉರಿಯುತ್ತದೆ. ಗೋಡೆಯ ಮೇಲೆ ಬಿಟ್ಟು ಮೊಬೈಲಿನಲ್ಲಿ ತೆಗೆದುಕೊಂಡರೆ ಸಾಲದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಾಲದು. ಪ್ರೊಜೆಕ್ಟರ್ ದೀಪದ ಕಾವಿಗೆ ಫಿಲ್ಮು ಉಬ್ಬಿ ಫೋಕಸ್ ತಪ್ಪುತ್ತದೆ, ಗೋಡೆಯ ತರಿಯೂ ಚಿತ್ರದೊಳಗೆ ಬಂದು ಕೂರುತ್ತದೆ. ಕತ್ತಲಲ್ಲಿಟ್ಟರೆ ದಶಕಗಟ್ಟಲೆ ಬಣ್ಣ ಬಿಡದ ಕೊಡಾಕ್ ಕಂಪನಿಯ ಕೊಡಾಕ್ರೋಮ್ ಫಿಲ್ಮು ಕೂಡ ಆ ಬೆಳಕಿಗೆ ಬೇಗ ಮಾಸುತ್ತದೆ.

ನಿಮಗೆ ನಿಜವಾದ ಕೆಲಸವಿರುವುದು ಬೂಷ್ಟಿನಲ್ಲಿ. ಚಿತ್ರ ಇರುವುದು ಫಿಲ್ಮಿನ ಮೇಲಿನ ಜೆಲಾಟಿನ್ (ಪ್ರಾಣಿಜನ್ಯ ಅಂಟು) ಪದರದಲ್ಲಿ, ಮಲೆನಾಡಿನ ಮಳೆಗಾಲದ ಬೂಷ್ಟಿಗೆ ಅದೇ ಊಟ. ಬೂಷ್ಟು ತಿಂದ ಜೆಲಾಟಿನ್ ನೀರು ತಾಗಿದರೆ ಕರಗಿಯೇ ಹೋಗಬಹುದು. ಒದ್ದೆ ಬಟ್ಟೆ ಬೇಡ, ಬಾಯಿಂದ ಊದುವುದೂ ಬೇಡ, ಎಂಜಲೂ ನೀರೇ. ಲೆನ್ಸ್ ಧೂಳು ಹಾರಿಸುವ ರಬ್ಬರ್ ಬ್ಲೋವರ್ ಸಾಕು. ಅದಕ್ಕೂ ಜಗ್ಗದ್ದಕ್ಕೆ ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಕಡ್ಡಿಗೆ ತಾಗಿಸಿ, ಒತ್ತದೆ ಸವರಿ. ಗಾಯಕ್ಕೆ ಹಚ್ಚುವ ಶೇ 70ರದ್ದರಲ್ಲಿ ಉಳಿದದ್ದು ಬಹುಪಾಲು ನೀರು, ಅದನ್ನು ಮುಟ್ಟಬೇಡಿ. ಮೊದಲ ಪ್ರಯೋಗ ಯಾರಿಗೂ ಬೇಡದ ಸ್ಲೈಡಿನ ಮೇಲಿರಲಿ, ಅಜ್ಜಿಯ ಮುಖದ ಮೇಲಲ್ಲ. ಜೆಲಾಟಿನನ್ನೇ ಕೊರೆದ ಗೆರೆಗಳು ಇದರಿಂದ ಹೋಗುವುದಿಲ್ಲ.

ಸ್ಲೈಡುಗಳನ್ನು ಕಂಪ್ಯೂಟರಿಗೆ ಇಳಿಸುವ ಸ್ಕ್ಯಾನರ್ ವಿಷಯಕ್ಕೆ ಬಂದರೆ, ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ಸ್ಲೈಡಿನ ಚಿತ್ರದ ಅಳತೆ 24×36 ಮಿ.ಮೀ. ಇಂಚಿಗೆ 2400 ಚುಕ್ಕೆಯಂತೆ ತೆಗೆದರೂ ಸುಮಾರು 77 ಲಕ್ಷ ಪಿಕ್ಸೆಲ್ ಆಯಿತು, ಗೋಡೆಗೆ ಹಾಕುವ ಫೋಟೊಗೆ ಧಾರಾಳ. ಹಾಗೆ ನೋಡಿದರೆ ನಾನು ಸ್ಕ್ಯಾನರನ್ನೇ ಕೊಳ್ಳುವುದಿಲ್ಲ. ಬಂಧುಗಳಲ್ಲಿ ಯಾರ ಬಳಿಯಾದರೂ ಲೆನ್ಸ್ ಬದಲಿಸಬಹುದಾದ ಡಿಎಸ್ಎಲ್ಆರ್ ಕ್ಯಾಮೆರಾ ಇದ್ದೀತು. ಚಿಕ್ಕ ವಸ್ತುವನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸನ್ನು ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ಒಳ್ಳೆಯ ಎಲ್ಇಡಿ ಪ್ಯಾನೆಲ್, ಅದರಿಂದ ಎರಡು ಇಂಚು ಮೇಲೆ ಸ್ಲೈಡು, ಅದಕ್ಕೂ ಮೇಲೆ ಕೆಳಮುಖವಾಗಿ ಕ್ಯಾಮೆರಾ. ಸುತ್ತಲಿನ ಬೆಳಕಿಗೆ ಕಪ್ಪು ಕಾಗದ ಮುಚ್ಚಿ ಕೋಣೆ ಕತ್ತಲು ಮಾಡಿ. ಕ್ಯಾಮೆರಾದಲ್ಲಿ ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸ್ ತೆರೆದಿರುವ ಅಳತೆ) ಎಫ್/8, ರಾ ಫೈಲ್ (ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ಕಡತ), ಕೈ ತಾಗದಂತೆ ಟೈಮರ್. ಕ್ಯಾಮೆರಾ ನೇರವಾಗಿದೆಯೇ ಎಂದು ತಿಳಿಯಲು ಸ್ಲೈಡಿನ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ: ಪರದೆಯ ನಡುಮಧ್ಯೆ ಲೆನ್ಸ್ ತನ್ನ ಕಣ್ಣನ್ನೇ ಕಂಡರೆ ಸರಿಯಾಗಿದೆ. ಸ್ಲೈಡಿನ ಹೊಳಪಿನ ಬದಿ ಕ್ಯಾಮೆರಾ ಕಡೆಗಿರಲಿ, ಇಲ್ಲದಿದ್ದರೆ ಅಂಗಡಿ ಬೋರ್ಡುಗಳೆಲ್ಲ ಉಲ್ಟಾ ಬರುತ್ತವೆ.

ಗುಲಾಬಿಗೆ ತಿರುಗಿದವು ಬಹುಶಃ ಓರ್ವೊ ಫಿಲ್ಮಿನವು. ಪೂರ್ವ ಜರ್ಮನಿಯ ಆ ಫಿಲ್ಮು ಆಗ ನಮ್ಮಲ್ಲಿ ಬಹಳ ಬಳಕೆಯಲ್ಲಿತ್ತು. ರಾ ಫೈಲಿನಲ್ಲಿ ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ಸರಿಪಡಿಸಿದರೆ ಚರ್ಮದ ಬಣ್ಣ ಬಹುಮಟ್ಟಿಗೆ ಮರಳುತ್ತದೆ. ಪೂರ್ತಿ ಅಳಿದ ಆಕಾಶ ಮರಳುವುದಿಲ್ಲ; ನೀಲಿಯನ್ನು ನೀವೇ ಬಳಿದು ಸೇರಿಸುವುದಕ್ಕೆ ನನ್ನ ಸಮ್ಮತಿಯಿಲ್ಲ.

ಪ್ರತಿ ಸ್ಲೈಡಿನ ಚೌಕಟ್ಟಿನ ಫೋಟೊವನ್ನೂ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ತಂದೆಯವರ ಪೆನ್ಸಿಲ್ ಬರಹ ಅಲ್ಲಿದ್ದೀತು. ಕೊಡಾಕ್ ಚೌಕಟ್ಟುಗಳಲ್ಲಿ ಫಿಲ್ಮು ತೊಳೆದ ತಿಂಗಳು, ಇಸವಿ ಅಚ್ಚಾಗಿರುವುದೂ ಉಂಟು. ಮೂಲ ಸ್ಲೈಡುಗಳನ್ನು ಎಸೆಯಬೇಡಿ, ಅಟ್ಟಕ್ಕೂ ಮರಳಿಸಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಈ ಕೆಲಸವನ್ನೆಲ್ಲ ಆಷಾಢದಲ್ಲಿ ಹಚ್ಚಿಕೊಳ್ಳಬೇಡಿ, ಜನವರಿಯ ಒಣ ಹವೆ ಬರಲಿ.