ಭಾವನ ಜೊತೆ ದೀಕ್ಷಾಸ್ನಾನದ ಜಗಳ

ಪ್ರಶ್ನೆ: ನಾವು ಉಡುಪಿ ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ನಮ್ಮಲ್ಲಿ ಕೂಸುಗಳಿಗೂ ನೀರು ಚಿಮುಕಿಸಿ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಮ್, ಮಾಡಿಸುತ್ತಾರೆ. ನನ್ನ ಮಗಳ ದೀಕ್ಷಾಸ್ನಾನದ ದಿನ ಊಟಕ್ಕೆ ಕೂತಿದ್ದಾಗ ಭಾವ, "ನೀರು ಚಿಮುಕಿಸಿದರೆ ಮಗುವಿನ ತಲೆ ಒದ್ದೆಯಾಗುತ್ತದೆ, ಅಷ್ಟೇ" ಅಂದರು. ಎರಡು ವರ್ಷದಿಂದ ಅವರು ಪೆಂತೆಕೋಸ್ತ್ ಸಭೆಗೆ ಹೋಗುತ್ತಾರೆ, ಮುಳುಗಿ ದೀಕ್ಷಾಸ್ನಾನ ತೆಗೆದುಕೊಂಡಿದ್ದಾರೆ. ನನಗೆ ಸಿಟ್ಟು ಬಂತು. "ಮೊನ್ನೆವರೆಗೆ ಕುಡಿದು ಬೀಳುತ್ತಿದ್ದವರು ನನಗೆ ಬೈಬಲ್ ಹೇಳಬೇಡಿ" ಅಂದುಬಿಟ್ಟೆ. ಅಮ್ಮ ಸಾರಿನ ಸೌಟು ಅಲ್ಲೇ ಇಟ್ಟು ಒಳಗೆ ಹೋದರು. ಈಗ ನಮ್ಮಿಬ್ಬರಿಗೆ ಮಾತಿಲ್ಲ. ಕ್ರಿಸ್‌ಮಸ್‌ಗೆ ಅವರು ಬರುತ್ತಾರೆ. ನನ್ನ ನಂಬಿಕೆ ಬಿಟ್ಟುಕೊಡದೆ ಹೇಗೆ ಮಾತಾಡಲಿ?

ಉತ್ತರ: ನಿಮ್ಮ ಮಗುವಿನ ದಿನದಂದು ಭಾವ ಆಡಿದ್ದು ನೋಯಿಸುವ ಮಾತೇ. ಸಿಟ್ಟು ಬಂದದ್ದು ಸಹಜ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಮೊನ್ನೆವರೆಗೆ" ಅನ್ನುವ ಪದ. ಅಂದರೆ ಅವರು ಈಗ ಕುಡಿಯುವುದಿಲ್ಲ, ಅಲ್ವಾ? ನೀರಿಗೆ ಇಳಿದ ಆ ದಿನ ಅವರ ಪಾಲಿಗೆ ಬಾಟಲಿ ಬಿಟ್ಟ ದಿನವೂ ಆಗಿರಬಹುದು. ಹಾಗಿದ್ದರೆ ಮುಳುಗುವುದೋ ಚಿಮುಕಿಸುವುದೋ ಅನ್ನುವುದು ಅವರಿಗೆ ಬರೀ ವಾದವಲ್ಲ. ನಿಮಗೂ ಅಲ್ಲ. ಅಮ್ಮ, ಅಜ್ಜಿ ಎಲ್ಲರೂ ಕಂಡ ಹನಿ ನಿಮ್ಮ ಮಗಳ ನೆತ್ತಿಯ ಮೇಲೆ ಬಿದ್ದಿದೆ.

ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯ ಒಮ್ಮೆ ತೆರೆದು ನೋಡಿ. ಅಪೊಲ್ಲೋಸ ಒಳ್ಳೆಯ ಮಾತುಗಾರ, ಆದರೆ ಅವನಿಗೆ ಗೊತ್ತಿದ್ದದ್ದು ಯೇಸುವಿಗೆ ಮೊದಲು ಬಂದ ಯೋಹಾನನ ದೀಕ್ಷಾಸ್ನಾನ ಒಂದೇ. ಅವನು ಎಫೆಸದ ಸಭಾಮಂದಿರದಲ್ಲಿ ಮಾತಾಡುವುದನ್ನು ಪ್ರಿಸ್ಕಿಲ್ಲ, ಅಕ್ವಿಲ ಎಂಬ ದಂಪತಿ ಕೇಳಿದರು. ಜನರೆದುರು ಎದ್ದು ತಿದ್ದಲಿಲ್ಲ. ತಮ್ಮ ಹತ್ತಿರ ಕರೆದುಕೊಂಡು ಹೋಗಿ ಬಿಡಿಸಿ ಹೇಳಿದರು. ಅಲ್ಲಿಯೂ ವಿಷಯ ದೀಕ್ಷಾಸ್ನಾನವೇ ನೋಡಿ!

ಹಾಗಾಗಿ ಈ ಮಾತು ಊಟದ ಮೇಜಿನ ಮೇಲೆ ಬೇಡ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಕ್ರಿಸ್‌ಮಸ್‌ಗೆ ಒಂದೆರಡು ವಾರ ಮೊದಲೇ, ಅಕ್ಕನ ಮನೆಯಲ್ಲಿ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಮಾಡುವ ಹೊತ್ತಿಗೆ ಹೋಗಿ. ಭಾವನನ್ನು ಜಗಲಿಗೆ ಕರೆಯಿರಿ. "ಭಾವ, ಅವತ್ತು ಕುಡಿತದ ಮಾತು ಎತ್ತಿದ್ದು ನನ್ನ ತಪ್ಪು" ಅನ್ನಿ. ಅಲ್ಲಿಗೆ ನಿಲ್ಲಿಸಿ. "ಆದರೆ ನೀವೂ" ಅಂತ ಮುಂದುವರಿಸಿದರೆ ಕ್ಷಮೆ ಕೇಳಿದ್ದು ಅಲ್ಲೇ ಹಾಳಾಗುತ್ತದೆ.

ಆಮೇಲೆ, ನೀರಿಗೆ ಇಳಿದ ದಿನದ ಬಗ್ಗೆ ಕೇಳಿ. ಪೂರ್ತಿ ಕೇಳಿ. ಕೇಳಿಸಿಕೊಳ್ಳದೆ ಉತ್ತರ ಕೊಡುವುದು ಮೂರ್ಖತನ ಅಂತ ಬೈಬಲಿನ ಜ್ಞಾನೋಕ್ತಿಗಳಲ್ಲೇ ಇದೆ. ಅವರ ವಾದವನ್ನು ನಿಮ್ಮ ಮಾತಲ್ಲಿ ಹೇಳಿ ತೋರಿಸಿ: ಮೊದಲು ನಂಬಿಕೆ, ಆಮೇಲೆ ದೀಕ್ಷಾಸ್ನಾನ, ಮಗುವಿಗೆ ನಂಬಲು ಬಾರದು. "ಹೌದು, ಅದೇ" ಅಂತ ಅವರು ಅಂದ ಮೇಲೆ ನಿಮ್ಮದು ಶುರುವಾಗಲಿ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಲುದ್ಯ ಎಂಬ ಹೆಂಗಸೂ ಅವಳ ಮನೆಯವರೂ, ಸೆರೆಮನೆಯ ಯಜಮಾನನೂ ಅವನ ಮನೆಯವರೆಲ್ಲರೂ ದೀಕ್ಷಾಸ್ನಾನ ಪಡೆದರು. ಆ ಮನೆಗಳಲ್ಲಿ ಕೂಸುಗಳಿದ್ದವು ಅಂತ ಬರೆದಿಲ್ಲ, ಇರಲಿಲ್ಲ ಅಂತಲೂ ಬರೆದಿಲ್ಲ. ಅದನ್ನು ನೀವಾಗಿಯೇ ಒಪ್ಪಿಕೊಳ್ಳಿ. ಆಗ ನಿಮ್ಮ ಉಳಿದ ಮಾತಿಗೆ ತೂಕ ಬರುತ್ತದೆ.

1970ರಲ್ಲಿ ಚರ್ಚ್ ಆಫ್ ನಾರ್ತ್ ಇಂಡಿಯಾ ಹುಟ್ಟಿದಾಗ ನಂಬಿದವರಿಗಷ್ಟೇ ದೀಕ್ಷಾಸ್ನಾನ ಕೊಡುವ ಬ್ಯಾಪ್ಟಿಸ್ಟರೂ ಕೂಸುಗಳಿಗೂ ಕೊಡುವ ಆಂಗ್ಲಿಕನರೂ ಒಂದೇ ಸಭೆಯಾದರು. ಕೂಸಿನ ದೀಕ್ಷಾಸ್ನಾನಕ್ಕೂ ದೊಡ್ಡವರಾದ ಮೇಲಿನದಕ್ಕೂ ಅಲ್ಲಿ ಜಾಗ ಸಿಕ್ಕಿತು. ಭಾವ ಇದನ್ನು ಒಪ್ಪಲಿಕ್ಕಿಲ್ಲ. ನಿಮ್ಮ ಧೈರ್ಯಕ್ಕೆ ಹೇಳಿದೆ, ಅಷ್ಟೇ. ಅವರು ಮತ್ತೆ ದನಿ ಏರಿಸಿದರೆ "ಇದನ್ನು ಇನ್ನೊಂದು ದಿನ ಮಾತಾಡೋಣ" ಅಂತ ಎದ್ದು ಅಕ್ಕನ ಕೆಲಸಕ್ಕೆ ಕೈಹಾಕಿ.

ಇದೆಲ್ಲಕ್ಕಿಂತ ಮೊದಲು ಅಮ್ಮನ ಹತ್ತಿರ ಕೂತುಕೊಳ್ಳಿ. ಮೊಮ್ಮಗಳ ಊಟಕ್ಕೆ ಬಡಿಸುತ್ತಾ ಸೌಟು ಇಟ್ಟು ಹೋದವರು ಅವರು. ಅವರನ್ನು ಇನ್ನೂ ಯಾರೂ ಕ್ಷಮೆ ಕೇಳಿದ ಹಾಗೆ ಕಾಣುತ್ತಿಲ್ಲ.