ಪ್ರತಿ ಬಿಡಿಭಾಗಕ್ಕೂ ಒಂದು ತವರುಮನೆ

ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ನನ್ನ ಮನೆಯ ಗ್ಯಾರೇಜಿನಲ್ಲಿ ನಾನೇ ಜೋಡಿಸಿದ ಎರಡು ಸೀಟಿನ ಕಿಟ್ ಕಾರಿನ (ಬಿಡಿಭಾಗಗಳನ್ನು ತಂದು ಮನೆಯಲ್ಲೇ ಕಟ್ಟಿಕೊಳ್ಳುವ ಕಾರು) ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಹನ್ನೊಂದು ವರ್ಷ ಇನ್‌ಸ್ಪೆಕ್ಷನ್ ಮೇಜಿನ ಮುಂದೆ ವರ್ನಿಯರ್ ಎಂಬ ಸೂಕ್ಷ್ಮ ಅಳತೆಯ ಸಾಧನ ಹಿಡಿದು ಕುಳಿತವಳು ನಾನು. ಆಮೇಲೆ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು ನೆಲೆಸಿದೆ. 2009ರಲ್ಲಿ ಶುರುಮಾಡಿದ ಕಾರು 2011ರಲ್ಲಿ ರಸ್ತೆಗಿಳಿಯಿತು. ಲೇಖನ ಓದಿ ಪತ್ರ ಬರೆದ ಎಲ್ಲರಿಗೂ ನಮಸ್ಕಾರ. ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಮೇಡಂ, ಇಪ್ಪತ್ತೈದು ವರ್ಷ ಹಳೆಯ, ಲೋಟಸ್ ಸೆವೆನ್ ಮಾದರಿಯ ಕಿಟ್ ಕಾರೊಂದನ್ನು ಕೊಂಡಿದ್ದೇನೆ. ನಾನು ಸಾಫ್ಟ್‌ವೇರ್ ಕೆಲಸದವನು, ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲ. ಮೊದಲು ಯಾವ ಸಲಕರಣೆ ಕೊಳ್ಳಲಿ?
(ಮಿಲ್ಟನ್ ಕೀನ್ಸ್‌ನ ಓದುಗರು)

ಮೊದಲು ಒಂದು ನೋಟ್ ಪುಸ್ತಕ ಕೊಳ್ಳಿ. ನಾನು ಮನಸಾರೆ ಹೇಳುತ್ತಿರುವ ಮಾತಿದು.

ಈ ದೇಶದಲ್ಲಿ ಬಿಡಿಭಾಗದ ಅಂಗಡಿಗೆ ಹೋದರೆ ಕೌಂಟರಿನಲ್ಲಿರುವವರು ಮೊದಲು ಕೇಳುವುದು ಗಾಡಿಯ ನಂಬರ್. ನಂಬರ್ ಒತ್ತಿದರೆ ಅವರ ಕಂಪ್ಯೂಟರಿನಲ್ಲಿ ಬ್ರೇಕ್ ಪ್ಯಾಡ್‌ನಿಂದ ಹಿಡಿದು ಫ್ಯಾನ್ ಬೆಲ್ಟ್‌ವರೆಗೆ ಎಲ್ಲವೂ ಬರುತ್ತದೆ. ಕಿಟ್ ಕಾರಿನ ನಂಬರ್ ಒತ್ತಿದರೆ ಏನೂ ಬರುವುದಿಲ್ಲ. ಏಕೆಂದರೆ ನಿಮ್ಮ ಕಾರು ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ, ನಾಲ್ಕಾರು ಮನೆಗಳಿಂದ ಬಂದು ಸೇರಿದ್ದು. ನನ್ನ ಪುಸ್ತಕದ ಮೊದಲ ಪುಟ ಹೀಗಿದೆ: ಎಂಜಿನ್, ಫೋರ್ಡ್ ಸಿಯೆರಾದ 2.0 ಲೀಟರ್ ಪಿಂಟೊ. ಗೇರ್ ಬಾಕ್ಸ್ ಕೂಡ ಸಿಯೆರಾದ್ದೇ. ಮುಂದಿನ ಅಪ್‌ರೈಟ್, ಎಂದರೆ ಚಕ್ರವನ್ನು ಹಿಡಿದಿಡುವ ಭಾಗ, ಫೋರ್ಡ್ ಕಾರ್ಟಿನಾದ್ದು. ಸ್ಟೀರಿಂಗ್ ರ್ಯಾಕ್ ಫೋರ್ಡ್ ಎಸ್ಕಾರ್ಟಿನದು. ಹೀಗೆ ಪ್ರತಿ ಬಿಡಿಭಾಗದ ತವರುಮನೆ ಬರೆದಿಟ್ಟುಕೊಂಡರೆ ಅಂಗಡಿಯಲ್ಲಿ "ಕಾರ್ಟಿನಾದ ಮುಂದಿನ ಪ್ಯಾಡ್ ಕೊಡಿ" ಎಂದು ಕೇಳಬಹುದು. ಹಿಂದಿನ ಮಾಲೀಕರಿಗೆ ಇವತ್ತೇ ಫೋನ್ ಮಾಡಿ, ಅವರಿಗೆ ನೆನಪಿರುವುದನ್ನೆಲ್ಲ ಬರೆದುಕೊಳ್ಳಿ. ಉಳಿದದ್ದನ್ನು ಭಾಗದ ಮೇಲೆ ಅಚ್ಚೊತ್ತಿದ ಸಂಖ್ಯೆಯಿಂದ ಪತ್ತೆಹಚ್ಚಬೇಕಾಗುತ್ತದೆ.

ಈ ಕಲಬೆರಕೆಗೆ ಒಂದು ಚರಿತ್ರೆಯೂ ಇದೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಅನ್ನು ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್ಮನ್ ಕಿಟ್ ರೂಪದಲ್ಲಿ ಮಾರಿದ್ದಕ್ಕೆ ದೊಡ್ಡ ಕಾರಣ ತೆರಿಗೆ. ಜೋಡಿಸಿದ ಕಾರಿನ ಮೇಲೆ ಆಗ ಇದ್ದ ಖರೀದಿ ತೆರಿಗೆ ಬಿಡಿಯಾಗಿ ಕೊಂಡರೆ ತಪ್ಪುತ್ತಿತ್ತು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ತೆರಿಗೆಯ ಲಾಭ ಹೋದರೂ ಮನೆಯಲ್ಲಿ ಕಾರು ಕಟ್ಟುವ ಆಸೆ ಜನರನ್ನು ಬಿಡಲಿಲ್ಲ. ಆಸೆಗೆ ತಕ್ಕ ಹಳೆಯ ಫೋರ್ಡುಗಳು ಗುಜರಿಯಲ್ಲಿ ಬೇಕಾದಷ್ಟಿದ್ದವು.

ಇನ್ನು ಸ್ಪ್ಯಾನರ್. ನಿಮ್ಮ ಕಾರಿನಲ್ಲಿ ಇಂಚಿನ ಬೋಲ್ಟು, ಮಿಲಿಮೀಟರ್ ಬೋಲ್ಟು ಎರಡೂ ಇರಬಹುದು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಅದರ ಮೇಲೆ 13ರ ಸ್ಪ್ಯಾನರ್ ಕೂರುತ್ತದೆ, ಹಗುರವಾಗಿ ತಿರುಗುತ್ತದೆ ಕೂಡ. ತುಕ್ಕು ಹಿಡಿದ ನಟ್ಟಿನ ಮೇಲೆ ಬಲ ಹಾಕಿದಾಗ ಮಾತ್ರ ಜಾರಿ ಆರು ಮೂಲೆಗಳನ್ನೂ ಸವೆಸಿಬಿಡುತ್ತದೆ. ಮುಕ್ಕಾಲು ಇಂಚಿಗೆ 19ರ ಸ್ಪ್ಯಾನರ್ ಸರಿಹೋಗುತ್ತದೆ, ಅರ್ಧ ಇಂಚಿಗೆ 13 ಸಲ್ಲದು. ಎರಡು ಸೆಟ್ ಕೊಳ್ಳಿ. ಸಾಕೆಟ್‌ನಲ್ಲಿ ಹನ್ನೆರಡು ಮೂಲೆಯದು ಬೇಡ, ಆರು ಮೂಲೆಯದೇ ಇರಲಿ.

ಬೋಲ್ಟನ್ನು ಇಂತಿಷ್ಟೇ ಬಲದಿಂದ ಬಿಗಿಯುವ ಟಾರ್ಕ್ ರೆಂಚ್ ಎರಡು ಬೇಕು: ಅಲ್ಯೂಮಿನಿಯಂ ಎರಕದ ಸಣ್ಣ ಬೋಲ್ಟುಗಳಿಗೆ ಒಂದು, ಚಕ್ರ ಮತ್ತು ಸಸ್ಪೆನ್ಷನ್ನಿಗೆ ಇನ್ನೊಂದು. ಹಳೆಯ ಪುಸ್ತಕಗಳಲ್ಲಿ ಅಂಕಿ ಅಡಿ-ಪೌಂಡಿನಲ್ಲಿ ಇರುತ್ತದೆ, ಹೊಸ ರೆಂಚಿನಲ್ಲಿ ನ್ಯೂಟನ್ ಮೀಟರಿನಲ್ಲಿ. 55 ಅಡಿ-ಪೌಂಡ್ ಎಂದರೆ ಸುಮಾರು 75 ನ್ಯೂಟನ್ ಮೀಟರ್. ಅಂಕಿ ನೋಡಿ ಅಳತೆಯ ಹೆಸರು ಮರೆತರೆ ಚಕ್ರದ ನಟ್ಟು ಸಡಿಲವಾಗಿಯೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ರೆಂಚಿನ ಸ್ಪ್ರಿಂಗನ್ನು ಕನಿಷ್ಠ ಅಂಕಿಗೆ ಇಳಿಸಿ ಪೆಟ್ಟಿಗೆಯಲ್ಲಿಡಿ. ಬಿಚ್ಚಿದ ನೈಲಾನ್ ಉಂಗುರದ ನಟ್ಟನ್ನು ಮತ್ತೆ ಹಾಕಬೇಡಿ. ಹೊಸದು ಕೆಲವೇ ಪೆನ್ಸಿಗೆ ಸಿಗುತ್ತದೆ.

ಜಾಕ್ ತಗ್ಗಿನದಾಗಿರಲಿ, ಸಾಮಾನ್ಯ ಟ್ರಾಲಿ ಜಾಕ್ ಈ ಕಾರಿನ ಅಡಿಗೆ ನುಗ್ಗುವುದೇ ಇಲ್ಲ. ನೆಲದ ಅಲ್ಯೂಮಿನಿಯಂ ತಗಡಿಗೆ ಜಾಕ್ ಕೊಟ್ಟರೆ ಅದು ಅಪ್ಪಚ್ಚಿಯಾಗುತ್ತದೆ. ಚಾಸಿಯ ಚೌಕ ಕೊಳವೆಗಳು ಒಂದಕ್ಕೊಂದು ಸೇರುವ ಕೂಡುಗಳಿವೆಯಲ್ಲ, ಅಲ್ಲಿ ಮರದ ತುಂಡಿಟ್ಟು ಎತ್ತಿ. ಎತ್ತಿದ ತಕ್ಷಣ ಕಾರಿನ ಭಾರ ಹೊರುವ ಆಕ್ಸಲ್ ಸ್ಟ್ಯಾಂಡ್ ಇಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ನಿಮ್ಮ ಕೈಬೆರಳೂ ಹೋಗಬಾರದು. ಇದರಲ್ಲಿ ರಾಜಿ ಇಲ್ಲ.

ಬ್ರೇಕ್ ಪೈಪಿನ ನಟ್ಟು ಹಾಳಾಗಿತ್ತು. ಹೊಸದು ತಂದು ಹಾಕಿದೆ, ಸಲೀಸಾಗಿ ತಿರುಗಿತು, ಬಿಗಿಯೂ ಆಯಿತು. ಆದರೂ ಒಂದೊಂದೇ ಹನಿ ಜಿನುಗುತ್ತಿದೆ. ಇನ್ನಷ್ಟು ಬಿಗಿ ಮಾಡಲೇ?
(ರೆಡಿಂಗ್‌ನ ಓದುಗರು)

ಬೇಡ. ಈ ಸಾಲು ಓದಿದ ಕ್ಷಣದಿಂದ ಆ ಕಾರನ್ನು ರಸ್ತೆಗೆ ತೆಗೆಯಲೂಬೇಡಿ. ಬಿಗಿ ಮಾಡಿದಷ್ಟೂ ಅಪಾಯ ಹೆಚ್ಚುತ್ತದೆ.

ಬ್ರೇಕ್ ಪೈಪಿನ ನಟ್ಟಿಗೆ ಬೋಲ್ಟಿನಂತೆ ಹೊರಮೈಯಲ್ಲಿ ಥ್ರೆಡ್ ಇರುತ್ತದೆ. ಇವುಗಳಲ್ಲಿ ನೋಡಲು ಅವಳಿ ಮಕ್ಕಳಂತಿರುವ ಎರಡು ಬಗೆಗಳಿವೆ. ಒಂದು ಮಿಲಿಮೀಟರಿನದು: 10 ಮಿಲಿಮೀಟರ್ ದಪ್ಪ, ಥ್ರೆಡ್ಡಿನಿಂದ ಥ್ರೆಡ್ಡಿಗೆ 1 ಮಿಲಿಮೀಟರ್. ಇನ್ನೊಂದು ಇಂಚಿನದು: ಎಂಟರಲ್ಲಿ ಮೂರು ಇಂಚು ದಪ್ಪ, ಇಂಚಿಗೆ 24 ಥ್ರೆಡ್. ಅದರ ದಪ್ಪ ಸುಮಾರು 9.5 ಮಿಲಿಮೀಟರ್, ಥ್ರೆಡ್ಡಿನ ಅಂತರ 1.06 ಮಿಲಿಮೀಟರ್. ಇಂಚಿನ ನಟ್ಟನ್ನು ಮಿಲಿಮೀಟರಿನ ತೂತಿಗೆ ಕೊಟ್ಟರೆ ಅದು ಒಳಗೆ ಹೋಗುತ್ತದೆ. ಕೆಲವು ಸುತ್ತಾದ ಮೇಲೆ ಅಂತರ ತಾಳೆಯಾಗದೆ ಬಿಗಿಯಾದಂತೆ ಕೈಗೆ ಅನಿಸುತ್ತದೆ. ಆದರೆ ಅದು ಹಿಡಿದಿರುವುದು ಥ್ರೆಡ್ಡಿನ ತುದಿಗಳಲ್ಲಿ ಮಾತ್ರ. ಜೋರಾಗಿ ಬ್ರೇಕ್ ಒತ್ತಿದ ದಿನ ಕಿತ್ತು ಬರಬಹುದು. ನಿಮ್ಮ ನಟ್ಟು "ಸಲೀಸಾಗಿ" ಹೋಯಿತು ಎಂಬ ಮಾತೇ ನನಗೆ ಭಯ ಹುಟ್ಟಿಸಿತು.

ಥ್ರೆಡ್ ಪಿಚ್ ಗೇಜ್ ಎಂಬ ಸಣ್ಣ ಸಾಧನವಿದೆ. ಜೇಬುಚಾಕುವಿನಂತೆ ಮಡಚುವ ತೆಳು ಎಲೆಗಳು, ಪ್ರತಿ ಎಲೆಯ ಅಂಚಿನಲ್ಲಿ ಗರಗಸದಂಥ ಹಲ್ಲು. ನಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, 1.0 ಎಂದು ಬರೆದ ಎಲೆಯನ್ನು ಥ್ರೆಡ್ಡಿನ ಮೇಲೆ ಕೂರಿಸಿ. ಹಲ್ಲುಗಳ ನಡುವೆ ಬೆಳಕಿನ ಎಳೆ ಕಂಡರೆ ಅದು ಬೇರೆಯದು. 24ರ ಎಲೆ ಇಟ್ಟಾಗ ಬೆಳಕು ಪೂರ್ತಿ ಮುಚ್ಚಿದರೆ ಇಂಚಿನದು. ಪೀಣ್ಯದಲ್ಲಿ ದಿನಕ್ಕೆ ನೂರಾರು ಬಾರಿ ಈ ಬೆಳಕಿನ ಎಳೆಯನ್ನು ಹುಡುಕುತ್ತಿದ್ದೆ. ಇವತ್ತಿಗೂ ಕಣ್ಣಿಗೆ ಅದಕ್ಕಿಂತ ನಂಬಿಕೆಯ ಸಾಕ್ಷಿ ಗೊತ್ತಿಲ್ಲ. ವರ್ನಿಯರ್ ಇದ್ದರೆ ದಪ್ಪವನ್ನೂ ಅಳೆಯಿರಿ: 9.5ರ ಹತ್ತಿರವೋ, 9.9ರ ಹತ್ತಿರವೋ ನೋಡಿ.

ಪೈಪಿನ ತುದಿಯ ಆಕಾರವೂ ಹೊಂದಬೇಕು. ಟಾರ್ಚ್ ಹಿಡಿದು ನಟ್ಟು ಕೂರುವ ತೂತಿನ ತಳ ನೋಡಿ. ನಡುವೆ ಉಬ್ಬಿದ ಶಂಕುವಿದ್ದರೆ ಒಳಕ್ಕೆ ಮಡಚಿದ ಎರಡು ಪದರದ ತುದಿ ಬೇಕು. ತಳ ಬಟ್ಟಲಿನಂತೆ ತಗ್ಗಾಗಿದ್ದರೆ ಗುಳ್ಳೆಯಾಕಾರದ ತುದಿ ಬೇಕು. ಎರಡನ್ನೂ ಮಾಡುವ ಫ್ಲೇರಿಂಗ್ ಟೂಲ್ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತದೆ. ಪೈಪ್ ಬದಲಿಸುವುದಾದರೆ ಬರಿ ತಾಮ್ರ ಬೇಡ, ತಾಮ್ರ-ನಿಕಲ್ ಮಿಶ್ರಲೋಹದ್ದು ತನ್ನಿ. ಬರಿ ತಾಮ್ರ ಅದುರಿ ಅದುರಿ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ನಟ್ಟು ಕೂತಿದ್ದ ತೂತಿನ ಥ್ರೆಡ್ ಈಗಾಗಲೇ ಕೆಟ್ಟಿದ್ದರೆ ಆ ಭಾಗವನ್ನೇ ಬದಲಿಸಿ. ಎಲ್ಲ ಸೇರಿಸಿದ ಮೇಲೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದು, ಒಬ್ಬರು ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಲಿ. ನೀವು ಪ್ರತಿ ಕೂಡಿಗೂ ಒಣಗಿದ ಬಿಳಿ ಟಿಶ್ಯೂ ಸುತ್ತಿ ನೋಡಿ. ಚುಕ್ಕೆಯಷ್ಟು ಒದ್ದೆಯಾದರೂ ಮತ್ತೆ ಬಿಚ್ಚಿ. ಸಂಶಯ ಉಳಿದರೆ ತಿಳಿದ ಮೆಕ್ಯಾನಿಕ್ ಒಬ್ಬರಿಗೆ ತೋರಿಸದೆ ಓಡಿಸಬೇಡಿ.

ಡಾಟ್ 4 ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ. ನನ್ನ ಕಾರಿನ ಮೂತಿಯ ಮೇಲೆ ಬಿದ್ದ ಒಂದು ಹನಿಯನ್ನು ನಾನು ಗಮನಿಸಲಿಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಹಸಿರು ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತ್ತು. ಆ ನಾಣ್ಯದಗಲದ ಗುರುತು ಈಗಲೂ ಇದೆ.

ಫೋಕ್ಸ್‌ವ್ಯಾಗನ್ ಬೀಟಲ್‌ನ ಅಡಿಪಾಯದ ಮೇಲೆ ಫೈಬರ್ ಗ್ಲಾಸ್ ದೇಹ ಕೂರಿಸಿದ ಹಳೆಯ ಕಿಟ್ ಕಾರು ನನ್ನದು. ಹೆಡ್‌ಲೈಟ್ ಹಾಕಿದರೆ ಇಂಡಿಕೇಟರ್ ಮಂಕಾಗುತ್ತದೆ, ಬ್ರೇಕ್ ಒತ್ತಿದರೆ ಪೆಟ್ರೋಲಿನ ಮುಳ್ಳು ಅಲುಗುತ್ತದೆ. ಬಲ್ಬುಗಳನ್ನೆಲ್ಲ ಬದಲಿಸಿ ಸೋತೆ.
(ಲೆಸ್ಟರ್‌ನ ಓದುಗರು)

ಬಲ್ಬುಗಳದ್ದು ಏನೂ ತಪ್ಪಿರಲಾರದು, ಅರ್ತಿಂಗ್ ಹೋಗಿದೆ. ತಗಡಿನ ಕಾರಿನಲ್ಲಿ ದೇಹವೇ ವಿದ್ಯುತ್ತನ್ನು ಬ್ಯಾಟರಿಗೆ ಹಿಂತಿರುಗಿಸುವ ತಂತಿ. ಫೈಬರ್ ಗ್ಲಾಸ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಿಂತಿರುಗುವ ದಾರಿ ಕೆಟ್ಟಾಗ ಅದು ಪಕ್ಕದ ದೀಪದ ಮೂಲಕ, ಮೀಟರಿನ ಮೂಲಕ ನುಸುಳುತ್ತದೆ. ಮುಳ್ಳು ಅಲುಗುವುದು ಅದಕ್ಕೇ.

ಸಾಧಾರಣ ಮಲ್ಟಿಮೀಟರ್ ಸಾಕು. ಮಂಕಾದ ದೀಪ ಉರಿಯುತ್ತಿರುವಾಗಲೇ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ, ಕೆಂಪು ಕಡ್ಡಿಯನ್ನು ಆ ದೀಪದ ಅರ್ತ್ ತುದಿಗೆ ಇಡಿ. 0.2 ವೋಲ್ಟಿಗಿಂತ ಕಡಿಮೆ ಬಂದರೆ ದಾರಿ ಸರಿಯಿದೆ. ಅರ್ಧ ವೋಲ್ಟ್ ಮೀರಿದರೆ ಎಲ್ಲೋ ಕಿಲುಬು ಕಟ್ಟಿದೆ. ದೀಪವಿರುವ ಪ್ರತಿ ಮೂಲೆಯಿಂದಲೂ ಒಂದೊಂದು ತಂತಿ ಎಳೆದು ಚಾಸಿಯ ಒಂದೇ ಕಡೆ ಸೇರಿಸಿ. ಸೇರುವ ಜಾಗದ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಿ.

ಒಂದು ಎಚ್ಚರಿಕೆಯನ್ನು ದಯವಿಟ್ಟು ನೆನಪಿಡಿ. ಹಳೆಯ ಬ್ರಿಟಿಷ್ ಕಾರುಗಳ ಪದ್ಧತಿಯಲ್ಲಿ ಕಂದು ತಂತಿ ಎಂದರೆ ಬ್ಯಾಟರಿಯಿಂದ ಸದಾ ವಿದ್ಯುತ್ ಬರುವ ತಂತಿ, ಕಪ್ಪು ಎಂದರೆ ಅರ್ತ್. ಜರ್ಮನ್ ಪದ್ಧತಿಯಲ್ಲಿ ಕಂದು ಎಂದರೆ ಅರ್ತ್. ನಿಮ್ಮ ಬೀಟಲ್‌ನ ತವರು ಜರ್ಮನಿ, ಕಾರಿನ ಉಳಿದ ತಂತಿ ಎಳೆದವರು ಯಾವ ಪದ್ಧತಿ ಹಿಡಿದರೋ ಗೊತ್ತಿಲ್ಲ. ಬಣ್ಣ ನಂಬಿ ಎರಡು ಕಂದು ತಂತಿ ಸೇರಿಸಿದರೆ ಬೆಂಕಿ ಹತ್ತಬಹುದು. ಪ್ರತಿ ತಂತಿಯನ್ನೂ ಮೀಟರ್ ಇಟ್ಟು ಗುರುತಿಸಿ. ಕೆಲಸಕ್ಕೆ ಮೊದಲು ಬ್ಯಾಟರಿ ಕಳಚಿಡಿ, ಅಳೆಯುವಾಗ ಮಾತ್ರ ಜೋಡಿಸಿ.

ಮೈಸೂರಿನಲ್ಲಿ ನಾನೂ ಇಂಥ ಕಾರು ಕಟ್ಟಿ ಓಡಿಸಬಹುದೇ ಅಮ್ಮಾ?
(ಮೈಸೂರಿನ ಓದುಗರು)

ಕಟ್ಟಬಹುದು, ರಸ್ತೆಯ ಮೇಲೆ ಓಡಿಸುವುದು ಕಷ್ಟ. ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚಲು ಮನಸ್ಸಿಲ್ಲ, ಆದರೆ ಹಣ ಸುರಿಯುವ ಮೊದಲು ಇದು ತಿಳಿದಿರಲಿ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಸರ್ಕಾರಿ ಕೇಂದ್ರದಲ್ಲಿ ಪರೀಕ್ಷಿಸಿ ನೋಂದಾಯಿಸುವ ವ್ಯವಸ್ಥೆ ಇದೆ. ಭಾರತದಲ್ಲಿ ಹೊಸ ಮಾದರಿಗೆ ಮಾನ್ಯತೆ ಪಡೆಯುವ ಪರೀಕ್ಷೆ ತಯಾರಕ ಕಂಪನಿಗಳಿಗೆಂದೇ ರೂಪಿಸಿದ್ದು, ಒಬ್ಬ ವ್ಯಕ್ತಿಗೆ ಎಟುಕುವಂಥದ್ದಲ್ಲ. ಇರುವ ಕಾರನ್ನೇ ಬದಲಿಸೋಣವೆಂದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ನನ್ನ ಸಲಹೆ: ದಾಖಲೆ ಸರಿಯಿರುವ ಹಳೆಯ ಪ್ರೀಮಿಯರ್ ಪದ್ಮಿನಿ ಅಥವಾ ಅಂಬಾಸಡರ್ ಹುಡುಕಿ, ಮೂಲ ರೂಪಕ್ಕೆ ತನ್ನಿ. ಪದ್ಮಿನಿ ಫಿಯೆಟ್ ಮನೆತನದ್ದು, ಮಿಲಿಮೀಟರ್ ಸ್ಪ್ಯಾನರ್ ಸಾಕು. ಬ್ರಿಟನ್ನಿನ ಬಿಎಂಸಿ ಕಂಪನಿಯ ಹಳೆಯ ಎಂಜಿನ್ನಿನ ಅಂಬಾಸಡರ್‌ಗೆ ಇಂಚಿನ ಸೆಟ್ ಬೇಕು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಅಲೆಯಿರಿ, ಹಳೆಯ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.

ಅಕ್ಕಾ, ಯಜಮಾನರು ಕಿಟ್ ಕಾರು ಕಟ್ಟುತ್ತಿದ್ದಾರೆ. ಹದಿಮೂರು ವರ್ಷದ ಮಗಳು ತಾನೂ ಸೇರುತ್ತೇನೆ ಎನ್ನುತ್ತಾಳೆ. ಅವಳ ಕೈಗೆ ಯಾವ ಕೆಲಸ ಕೊಡಬಹುದು?
(ಬರ್ಮಿಂಗ್‌ಹ್ಯಾಮ್‌ನ ಓದುಗರು)

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ತಪ್ಪದೆ ಸೇರಿಸಿಕೊಳ್ಳಿ. ನಾನು ಪೀಣ್ಯದಲ್ಲಿ ಕೆಲಸಕ್ಕೆ ಸೇರಿದಾಗ ಆ ಶೆಡ್ಡಿನಲ್ಲಿ ನಾವು ಇಬ್ಬರೇ ಹೆಂಗಸರು.

ಅವಳ ಅಳತೆಯ ಸುರಕ್ಷಾ ಕನ್ನಡಕ, ಕೈಗೆ ಸರಿಯಾಗುವ ಗವಸು ಮೊದಲು ತನ್ನಿ. ದೊಡ್ಡವರ ಗವಸು ಸಡಿಲವಾಗಿ ಡ್ರಿಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಡ್ರಿಲ್ ಹಿಡಿಯುವಾಗ ಗವಸು ಬೇಡವೇ ಬೇಡ, ಕೂದಲು ಕಟ್ಟಿರಬೇಕು. ಕಾರಿನ ಅಡಿಯ ಕೆಲಸ, ಬ್ರೇಕಿನ ಕೆಲಸ ಸದ್ಯಕ್ಕೆ ದೊಡ್ಡವರದು. ಬೋಲ್ಟುಗಳನ್ನು ಪಿಚ್ ಗೇಜಿನಿಂದ ಅಳೆದು ಡಬ್ಬಿಗಳಲ್ಲಿ ಬೇರೆಮಾಡಿ, ನಾನು ಮೇಲೆ ಹೇಳಿದ ನೋಟ್ ಪುಸ್ತಕ ಬರೆಯುವ ಹೊಣೆ ಅವಳದಾಗಲಿ. ಅದು ಚಿಕ್ಕ ಹೊಣೆಯಲ್ಲ. ಮುಂದೆ ಇಪ್ಪತ್ತು ವರ್ಷ ಆ ಕಾರು ಅವಳ ಅಕ್ಷರದ ಆಸರೆಯಲ್ಲಿ ಓಡುತ್ತದೆ.

ಆಮೇಲೆ ತಗಡಿಗೆ ತಗಡು ಸೇರಿಸುವ ರಿವೆಟ್. ಅಲ್ಯೂಮಿನಿಯಂ ತಗಡಿನ ಎರಡು ಚೂರು, 3.2 ಮಿಲಿಮೀಟರಿನ ಇಪ್ಪತ್ತು ರಿವೆಟ್, 3.3ರ ಡ್ರಿಲ್ ಬಿಟ್, ಕೈಯಿಂದ ಒತ್ತುವ ರಿವೆಟ್ ಗನ್ ಕೊಡಿ. ತೂತು ಕೊರೆದು, ಅಂಚಿನ ಚೂಪನ್ನು ದೊಡ್ಡ ಬಿಟ್ಟಿನಿಂದ ಕೈಯಲ್ಲೇ ತಿರುವಿ ತೆಗೆಯಲಿ. ಎರಡು ತಗಡುಗಳ ನಡುವೆ ಸಂದಿಯಿಲ್ಲದಂತೆ ಒತ್ತಿ ಹಿಡಿದು ಗನ್ನಿನ ಹಿಡಿ ಅದುಮಲಿ. ರಿವೆಟ್ಟಿನ ನಡುವಿನ ಮೊಳೆ "ಟಕ್" ಎಂದು ಮುರಿದಾಗ ಗನ್ನನ್ನು ನೇರವಾಗಿ ಹಿಡಿದಿದ್ದರೆ ರಿವೆಟ್ಟಿನ ತಲೆ ತಗಡಿಗೆ ಅಂಟಿ ಕೂತಿರುತ್ತದೆ, ಓರೆಯಾಗಿ ಹಿಡಿದಿದ್ದರೆ ಒಂದು ಬದಿ ಎದ್ದಿರುತ್ತದೆ. ಅವಳ ಉಗುರನ್ನೇ ಗೇಜ್ ಮಾಡಿಕೊಳ್ಳಲಿ: ತಲೆಯ ಅಡಿಗೆ ಉಗುರು ನುಗ್ಗಬಾರದು. ಇಪ್ಪತ್ತರಲ್ಲಿ ಎಷ್ಟು ಸರಿಯಾಗಿ ಕೂತವೆಂದು ಅವಳೇ ನನಗೆ ಬರೆದು ತಿಳಿಸಲಿ, ಮುಂದಿನ ಸಂಚಿಕೆಯಲ್ಲಿ ಅವಳ ಪತ್ರಕ್ಕೆ ಮೊದಲ ಉತ್ತರ.